ಹವಾವರ್ತಮಾನದ ಅಭಿನಯವೂ ಔಚಿತ್ಯವೂ

ಲಕ್ಷಾಂತರ ಜನರು ದಿನವೂ ಕಿವಿಗೊಟ್ಟು ಕೇಳಿ, ಕಣ್ಣಿಟ್ಟು ನೋಡಿ, ಮರುದಿನವೇ ಮರೆತುಬಿಡುವ ವಾಙ್ಮಯವೊಂದುಂಟು. ದೂರದರ್ಶನದಲ್ಲಿ ವಾರ್ತೆಯ ಕೊನೆಗೆ ಬರುವ ಹವಾವರ್ತಮಾನವೇ ಅದು. ಎರಡು ಮೂರು ನಿಮಿಷಗಳಲ್ಲಿ ಮುಗಿದುಹೋಗುವ ಈ ಪ್ರಸಂಗವನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದು ಅನಾವಶ್ಯಕವಾದ ಶ್ರಮವೆಂದು ಕೆಲವರಿಗೆ ತೋರಬಹುದು. ಆದರೆ ಮಾತನಾಡುವವನೊಬ್ಬ, ಅವನು ನಿಲ್ಲುವ ರಂಗ, ಅವನ ಹಿಂದಿನ ಚಿತ್ರಪಟ, ಅವನನ್ನು ನಂಬಬೇಕೋ ಬೇಡವೋ ಎಂದು ತೂಗುವ ಸಭೆ, ಇವೆಲ್ಲ ಒಂದೆಡೆ ಕೂಡಿದಲ್ಲಿ ಕಾವ್ಯಮೀಮಾಂಸೆಗೆ ಸೇರಿದ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಅಲ್ಲದೆ ಕವಿಯ ಮಾತು ತಪ್ಪಿದರೆ ರಸಭಂಗವಾದೀತು. ಹವಾವರ್ತಮಾನದ ಮಾತು ತಪ್ಪಿದರೆ ಪ್ರಾಣಹಾನಿಯೇ ಆಗಬಹುದು. ಆದುದರಿಂದ ಈ ನಿರೂಪಣೆಯ ಕೌಶಲಗಳಾವುವು, ಅವು ಪ್ರೇಕ್ಷಕನ ಮನಸ್ಸನ್ನು ಸೆಳೆಯುವ ಬಗೆ ಯಾವುದು, ಸೆಳೆದ ಮೇಲೆ ಅವನಿಗೆ ತಿಳಿಸುವುದೇನು ಎಂಬ ವಿಚಾರವು ಪರ್ಯಾಲೋಚನೆಗೆ ಯೋಗ್ಯವಾದುದೇ ಆಗಿದೆ. ಈ ಕಲೆಯು ಅತಿ ದೀರ್ಘವಾದ ಚರಿತ್ರೆಯುಳ್ಳುದಾಗಿ ಬೆಳೆದುಬಂದಿರುವುದು ಇಂಗ್ಲೆಂಡಿನಲ್ಲಿ. ಅಲ್ಲಿಯ ಬಿ. ಬಿ. ಸಿ. ಸಂಸ್ಥೆಯ ಪ್ರಸಾರವನ್ನೇ ಮುಖ್ಯ ನಿದರ್ಶನವನ್ನಾಗಿ ಇಟ್ಟುಕೊಳ್ಳುವುದು ಯುಕ್ತ.

ಮೊದಲು ವಸ್ತುವಿನ ಸ್ವರೂಪವನ್ನು ನಿಷ್ಕರ್ಷಿಸಬೇಕು. ಇಂಗ್ಲೆಂಡಿನ ವೃತ್ತಪತ್ರಿಕೆಯಲ್ಲಿ ಸಾರ್ವಜನಿಕರಿಗಾಗಿ ಹವಾ ಮುನ್ಸೂಚನೆಯು ಮೊದಲು ಅಚ್ಚಾದುದು ೧೮೬೧ನೆಯ ಆಗಸ್ಟ್ ತಿಂಗಳಲ್ಲಿ. ಅದರ ಕರ್ತೃವಾದ ಫಿಟ್ಸ್‌ರಾಯ್ ಎಂಬ ನೌಕಾಧಿಕಾರಿಯು ತನ್ನ ಹೇಳಿಕೆಗೆ 'ಫೋರ್‌ಕಾಸ್ಟ್' ಎಂಬ ಹೆಸರನ್ನು ಬುದ್ಧಿಪೂರ್ವಕವಾಗಿಯೇ ಆರಿಸಿಕೊಂಡನು. ಇದು ಭವಿಷ್ಯವಾಣಿಯಲ್ಲ, ಲೆಕ್ಕಾಚಾರದಿಂದ ಹುಟ್ಟಿದ ಒಂದು ಅಭಿಪ್ರಾಯ ಮಾತ್ರ ಎಂಬುದು ಅವನ ಆಶಯವಾಗಿದ್ದಿತು. ಆದರೆ ಜನರು ಅದನ್ನು ಅಭಿಪ್ರಾಯವೆಂದು ತಿಳಿಯಲಿಲ್ಲ, ಭವಿಷ್ಯವಾಣಿಯೆಂದೇ ಓದಿದರು. ತಪ್ಪಿದ ದಿನ ಪರಿಹಾಸ ಮಾಡಿದರು. ಫಿಟ್ಸ್‌ರಾಯ್ ೧೮೬೫ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಮರುವರ್ಷ ಸಾರ್ವಜನಿಕ ಮುನ್ಸೂಚನೆಯೂ ನಿಂತುಹೋಗಿ, ೧೮೭೯ರಲ್ಲಿ ಪುನಃ ಆರಂಭವಾಯಿತು. ಹೇಳುವವನು ಸಂಭವವನ್ನು ಹೇಳುತ್ತಾನೆ, ಕೇಳುವವನು ನಿಶ್ಚಯವನ್ನು ಕೇಳುತ್ತಾನೆ: ಈ ಎರಡರ ನಡುವಣ ಅಂತರವೇ ಹವಾವರ್ತಮಾನದ ಮೂಲಸಮಸ್ಯೆ. ಅನಂತರ ಬಂದ ನಿರೂಪಣ ಕೌಶಲಗಳನ್ನೆಲ್ಲ ಇದೊಂದೇ ಅಳತೆಗೋಲಿನಿಂದ ಅಳೆಯಬಹುದು. ಯಾವ ಕೌಶಲವು ಈ ಅಂತರವನ್ನು ಕಡಮೆಮಾಡುವುದೋ ಅದು ಉಚಿತ. ಯಾವುದು ಅದನ್ನು ಮರೆಮಾಚುವುದೋ ಅದು ಎಷ್ಟೇ ರಮ್ಯವಾಗಿದ್ದರೂ ಅನುಚಿತ. ಕಾವ್ಯದ ಗುಣಾಲಂಕಾರಗಳು ತಮ್ಮ ತಮ್ಮ ಸ್ಥಾನದಲ್ಲಿದ್ದಾಗಲೇ ಶೋಭಿಸುವುವೆಂದು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಪ್ರತಿಪಾದಿಸಿದ ಔಚಿತ್ಯತತ್ತ್ವವು ಇಲ್ಲಿಗೆ ಚೆನ್ನಾಗಿ ಅನ್ವಯಿಸುತ್ತದೆ.

ದೂರದರ್ಶನದಲ್ಲಿ ಮೊದಲು ಕಾಣಿಸಿಕೊಂಡುದು ಮನುಷ್ಯನಲ್ಲ, ಪಟ. ೧೯೩೬ನೆಯ ನವೆಂಬರಿನಲ್ಲಿ ಬಿ. ಬಿ. ಸಿ.ಯು ತನ್ನ ದೂರದರ್ಶನ ಪ್ರಸಾರವನ್ನು ಆರಂಭಿಸಿದ ತಿಂಗಳಲ್ಲೇ ಹವಾಪಟವೊಂದನ್ನು ತೋರಿಸಿತು. ಯುದ್ಧಾನಂತರದ ವರ್ಷಗಳಲ್ಲಿಯೂ ಪಟವು ಕಾಣುತ್ತಿದ್ದಿತು, ಮಾತನಾಡುವವನು ಕಾಣುತ್ತಿರಲಿಲ್ಲ. ೧೯೫೪ನೆಯ ಜನವರಿ ೧೧ರಂದು ಜಾರ್ಜ್ ಕೌಲಿಂಗ್ ಎಂಬ ಹವಾಶಾಸ್ತ್ರಜ್ಞನು ಕೈಯಿಂದ ಬರೆದ ಪಟಗಳನ್ನು ಚಿತ್ರಫಲಕದ ಮೇಲಿರಿಸಿಕೊಂಡು, ಪ್ರೇಕ್ಷಕರ ಮುಂದೆ ನಿಂತು ಐದು ನಿಮಿಷಗಳ ಕಾಲ ಮಾತನಾಡಿದನು. ಮರುದಿನ ಗಾಳಿ ಹೆಚ್ಚಾಗಿರುವುದೆಂದು ತಿಳಿಸುತ್ತ, ಒಗೆದ ಬಟ್ಟೆಯನ್ನು ಹರವಲು ಅದು ಒಳ್ಳೆಯ ದಿನವೆಂಬ ಮಾತನ್ನು ಅವನು ಸೇರಿಸಿದನೆಂಬುದು ಪ್ರಸಿದ್ಧವಾಗಿದೆ. ಈ ಅಲ್ಪವಾದ ಮಾತಿನಲ್ಲಿ ಪ್ರಕಾರದ ಬೀಜವೆಲ್ಲ ಅಡಗಿದೆ. ಗಾಳಿಯ ವೇಗವನ್ನು ಅಂಕಿಯಲ್ಲಿ ಹೇಳಿದ್ದರೆ ಅದು ಶಾಸ್ತ್ರವಾಗಿಯೇ ಉಳಿಯುತ್ತಿತ್ತು. ಹರವಿದ ಬಟ್ಟೆಯಲ್ಲಿ ಹೇಳಿದುದರಿಂದ ಗೃಹಕೃತ್ಯವಾಯಿತು. ಮೇಲಾಗಿ, ಆ ಮಾತು ಕೇಳುವವಳಿಗೆ ಒಂದು ಕಾರ್ಯವನ್ನು ಸೂಚಿಸಿತು. ತಪ್ಪಿದರೂ ಆಗುವ ನಷ್ಟವು ಅಲ್ಪವೆಂಬುದು ಆ ಕಾರ್ಯದ ಸ್ವರೂಪದಿಂದಲೇ ಧ್ವನಿತವಾಗುತ್ತಿತ್ತು. ಅಂದಮೇಲೆ ಮಾತಿನ ಭರವಸೆಯೂ ವಿಷಯದ ಭಾರವೂ ಒಂದಕ್ಕೊಂದು ಸರಿಹೊಂದಿದ್ದುವು.

ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ವಿಧವಾಗಿ ವಿಂಗಡಿಸುತ್ತದೆಯಷ್ಟೆ. ಕೌಲಿಂಗನ ತರುವಾಯ ಬೆಳೆದ ಕೌಶಲಗಳನ್ನು ಈ ವಿಭಾಗಕ್ರಮದಲ್ಲಿ ಪರಿಶೀಲಿಸಿದರೆ ವಿಷಯವು ವಿಶದವಾಗುತ್ತದೆ.

ಆಹಾರ್ಯವೆಂದರೆ ವೇಷಭೂಷಣ, ರಂಗಸಜ್ಜಿಕೆ. ಹವಾವರ್ತಮಾನದಲ್ಲಿ ಆ ಸ್ಥಾನವು ಭೂಪಟದ್ದು. ೧೯೭೫ರಲ್ಲಿ ಬಿ. ಬಿ. ಸಿ.ಯು ಅಯಸ್ಕಾಂತದ ಬಲದಿಂದ ಪಟಕ್ಕೆ ಅಂಟಿಕೊಳ್ಳುವ ಸಂಜ್ಞೆಗಳನ್ನು ಬಳಕೆಗೆ ತಂದಿತು. ಮೋಡ, ಅದರ ಕೆಳಗೊಂದು ಹನಿ, ಅದರ ಹಿಂದಿನಿಂದ ಇಣಿಕುವ ಸೂರ್ಯ, ಇವು ಅಕ್ಷರಜ್ಞಾನವಿಲ್ಲದ ಮಗುವಿಗೂ ತಿಳಿಯುವ ಚಿತ್ರಲಿಪಿಯಾದುವು. ಸಂಜ್ಞೆಗಳು ಒಮ್ಮೊಮ್ಮೆ ಜಾರಿ ಬೀಳುತ್ತಿದ್ದುದೂ ಉಂಟು. ಆದರೆ ಆ ಪತನದಲ್ಲಿಯೂ ಒಂದು ಪ್ರಾಮಾಣಿಕತೆ ಇದ್ದಿತೆನ್ನಬಹುದು: ಇದು ಮನುಷ್ಯನು ಕೈಯಿಂದ ಇರಿಸಿದ ಊಹೆ, ಆಕಾಶವೇ ಬರೆದುಕೊಟ್ಟ ಲೇಖವಲ್ಲ ಎಂಬುದು ನೋಡುವವನಿಗೆ ಮರೆಯುತ್ತಿರಲಿಲ್ಲ. ೧೯೮೫ರಲ್ಲಿ ಗಣಕಯಂತ್ರದ ಚಿತ್ರಗಳು ಬಂದುವು. ೨೦೦೫ನೆಯ ಮೇ ತಿಂಗಳಲ್ಲಿ ಸಮಭಾರರೇಖೆಗಳನ್ನು ಬಹುಮಟ್ಟಿಗೆ ಬದಿಗೊತ್ತಿ, ಮೂರು ಆಯಾಮಗಳುಳ್ಳ ಭೂಮಿಯ ಮೇಲೆ ಪ್ರೇಕ್ಷಕನ ದೃಷ್ಟಿಯು ಹಾರಿಹೋಗುವಂತೆ ತೋರುವ ಪಟವು ಬಂದಿತು. ದಕ್ಷಿಣದ ಕಡೆಯಿಂದ ಓರೆಯಾಗಿ ನೋಡಿದಂತೆ ಬರೆದ ಆ ಪಟದಲ್ಲಿ ಇಂಗ್ಲೆಂಡಿನ ದಕ್ಷಿಣ ಭಾಗವು ಹಿಗ್ಗಿ, ಸ್ಕಾಟ್ಲೆಂಡು ಕುಗ್ಗಿ ಕಂಡಿತು. ಸ್ಕಾಟ್ಲೆಂಡಿನ ಜನರು ಆಕ್ಷೇಪಿಸಿದರು. ಪಟದ ಕೋನವನ್ನು ಬದಲಾಯಿಸಬೇಕಾಯಿತು. ದೂರವಿರುವುದು ಚಿಕ್ಕದಾಗಿ ಕಾಣುವುದು ಚಿತ್ರಕಲೆಯ ನಿಯಮ. ಆದರೆ ಯಾರಿಂದ ದೂರ ಎಂಬುದು ರಾಜ್ಯನೀತಿಯ ಪ್ರಶ್ನೆ. ಆಹಾರ್ಯವು ಕೇವಲ ಅಲಂಕಾರವಲ್ಲ, ಅದೂ ಒಂದು ಹೇಳಿಕೆಯೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆಂಗಿಕವು ಇನ್ನೂ ವಿಚಿತ್ರವಾದುದು. ಪ್ರೇಕ್ಷಕನಿಗೆ ನಿರೂಪಕನು ಪಟದ ಮುಂದೆ ನಿಂತಂತೆ ಕಾಣುತ್ತಾನೆ. ವಾಸ್ತವವಾಗಿ ಈ ತಂತ್ರದಲ್ಲಿ ಅವನ ಹಿಂದಿರುವುದು ಹಸುರು ಅಥವಾ ನೀಲಿ ಬಣ್ಣದ ಬರಿಯ ಗೋಡೆ. ಆ ಬಣ್ಣವಿದ್ದಲ್ಲೆಲ್ಲ ಯಂತ್ರವು ಪಟವನ್ನು ಕೂರಿಸುತ್ತದೆ. ನಿರೂಪಕನು ಪಕ್ಕದಲ್ಲಿರಿಸಿದ ಚಿಕ್ಕ ತೆರೆಗಳಲ್ಲಿ ತನ್ನನ್ನು ತಾನೇ ನೋಡಿಕೊಳ್ಳುತ್ತ, ತನಗೆ ಕಾಣದ ಊರಿನ ಮೇಲೆ ಕೈಯಿರಿಸಬೇಕು. ಇಲ್ಲದುದನ್ನು ಇದ್ದಂತೆ ಕೈಸನ್ನೆಯಿಂದ ತೋರಿಸುವ ಈ ವಿದ್ಯೆಯು ನಮ್ಮ ಯಕ್ಷಗಾನದ ಕಲಾವಿದರಿಗೆ ಅಪರಿಚಿತವೇನಲ್ಲ. ಕೈಯು ಪಡುವಣದಿಂದ ಮೂಡಣಕ್ಕೆ ಬೀಸಿದಾಗ ಮಳೆಯ ಸಾಲು ಅದರ ಹಿಂದೆಯೇ ಬರುವುದು. ಆಗ ನಿರೂಪಕನು ಮಳೆಯನ್ನು ವರ್ಣಿಸುವವನಾಗಿ ಉಳಿಯದೆ, ಅದನ್ನು ಕರೆತರುವವನಂತೆ ತೋರುತ್ತಾನೆ. ಸೆಳೆಯುವ ಶಕ್ತಿ ಇಲ್ಲಿದೆ. ಅಪಾಯವೂ ಇಲ್ಲಿಯೇ ಇದೆ. ಕೈಸನ್ನೆಗೆ 'ಪ್ರಾಯಶಃ' ಎಂಬ ಅವ್ಯಯವಿಲ್ಲ.

ಆ ಅವ್ಯಯದ ಭಾರವನ್ನೆಲ್ಲ ವಾಚಿಕವು ಹೊರಬೇಕಾಗುತ್ತದೆ. ಬಿ. ಬಿ. ಸಿ.ಯ ನಿರೂಪಕರು ಬರೆದುದನ್ನು ಓದುವ ಪದ್ಧತಿಯವರಲ್ಲ. ಚಿತ್ರಗಳ ಕ್ರಮವನ್ನು ಮನಸ್ಸಿನಲ್ಲಿರಿಸಿಕೊಂಡು, ಕಾಲವೆಷ್ಟು ಉಳಿದಿದೆಯೆಂಬುದನ್ನು ಕಿವಿಯಲ್ಲಿ ಕೇಳುತ್ತ, ಆಶುವಾಗಿ ಮಾತನಾಡುವವರು. ಆದುದರಿಂದ ಅವರ ಮಾತಿಗೆ ಸಂಭಾಷಣೆಯ ಸಹಜತೆ ಬಂದಿದೆ. ಆದರೆ ಸಹಜವಾದ ಮಾತು ಅಳತೆಗೆ ಸಿಕ್ಕುವುದಿಲ್ಲ. ಅದೇ ದೇಶದ ರೇಡಿಯೋದಲ್ಲಿ ನಾವಿಕರಿಗಾಗಿ ಬರುವ ಹವಾವರ್ತಮಾನವನ್ನು ಹೋಲಿಸಿ ನೋಡಬಹುದು. ಅಲ್ಲಿ ೩೧ ಕಡಲ ವಲಯಗಳು ನಿಯತವಾದ ಕ್ರಮದಲ್ಲಿ ಬರುತ್ತವೆ. ಬಿರುಗಾಳಿಯು 'ಸನ್ನಿಹಿತ'ವೆಂದರೆ ಆರು ಗಂಟೆಗಳೊಳಗೆ, 'ಬೇಗನೆ' ಎಂದರೆ ಆರರಿಂದ ಹನ್ನೆರಡು ಗಂಟೆಗಳೊಳಗೆ, 'ಆಮೇಲೆ' ಎಂದರೆ ಹನ್ನೆರಡು ಗಂಟೆಗಳಾಚೆಗೆ ಎಂಬ ಅರ್ಥ ನಿಶ್ಚಿತವಾಗಿದೆ. ಅಲ್ಲಿ ಪದವು ಪಾರಿಭಾಷಿಕ. ದೂರದರ್ಶನದಲ್ಲಿ ಅದೇ ಪದವು ಲೌಕಿಕ. ಭಾರತದ ಹವಾಮಾನ ಇಲಾಖೆಯ ವಾಕ್ಯಗಳಲ್ಲಿಯೂ ಇಂಥ ಪರಿಭಾಷೆ ಉಂಟು. ಕರಾವಳಿಯ ಬಹುತೇಕ ಕಡೆಗಳಲ್ಲಿ, ಉತ್ತರ ಒಳನಾಡಿನ ಕೆಲವು ಕಡೆಗಳಲ್ಲಿ, ದಕ್ಷಿಣ ಒಳನಾಡಿನ ಒಂದೆರಡು ಕಡೆಗಳಲ್ಲಿ ಮಳೆಯೆಂದು ಕನ್ನಡಿಗರು ಕೇಳುವ ಮಾತು ಶೈಲಿಯ ವೈವಿಧ್ಯಕ್ಕಾಗಿ ಹುಟ್ಟಿದುದಲ್ಲ. 'ಒಂದೆರಡು ಕಡೆ' ಎಂದರೆ ಆ ಪ್ರದೇಶದ ಮಾಪನಕೇಂದ್ರಗಳಲ್ಲಿ ಶೇಕಡ ೨೫ರವರೆಗೆ, 'ಕೆಲವು ಕಡೆ' ಎಂದರೆ ಶೇಕಡ ೫೦ರವರೆಗೆ, 'ಹಲವು ಕಡೆ' ಎಂದರೆ ಶೇಕಡ ೭೫ರವರೆಗೆ, 'ಬಹುತೇಕ ಕಡೆ' ಎಂದರೆ ಅದಕ್ಕೂ ಮೇಲೆ. ಹಾಗೆಯೇ 'ಭಾರಿ ಮಳೆ'ಯೆಂಬುದು ೨೪ ಗಂಟೆಗಳಲ್ಲಿ ೬೪.೫ ಮಿಲಿಮೀಟರಿನಿಂದ ಆರಂಭವಾಗುವ ಒಂದು ಪ್ರಮಾಣ. ಆದರೆ ಕೇಳುವವನಿಗೆ ಈ ಕೋಶವನ್ನು ಕೊಟ್ಟವರಾರು? ಪರಿಭಾಷೆಯು ಕೇಳುವವನ ಕಿವಿಯಲ್ಲಿ ಬರಿಯ ಮಾತಾಗಿ ಬಿದ್ದಾಗ, ಅಳೆದು ಕೊಟ್ಟ ಧಾನ್ಯವು ದಾರಿಯಲ್ಲಿ ಚೆಲ್ಲಿಹೋದಂತಾಗುತ್ತದೆ.

ಸಾತ್ತ್ವಿಕವು ಅಂತರಂಗದ ಭಾವವು ಮುಖದಲ್ಲಿ ಮೂಡುವುದು. ಹವಾವರ್ತಮಾನದಲ್ಲಿ ಸ್ಥಾಯಿಯಾಗಿರುವುದು ಒಂದು ಬಗೆಯ ಪ್ರಸನ್ನತೆ. ವಾರ್ತೆಯ ಉಗ್ರತೆಯ ಬಳಿಕ ಬರುವ ಶಾಂತಿಪಾಠದಂತೆ ಅದು ಇರುತ್ತದೆ. ಈ ಪ್ರಸನ್ನತೆಯು ಪ್ರೇಕ್ಷಕನ ವಿಶ್ವಾಸವನ್ನು ವರ್ಷಗಟ್ಟಲೆ ಸಂಪಾದಿಸುತ್ತದೆ. ಆದರೆ ಅದೇ ಪ್ರಸನ್ನತೆಯು ಅಕಾಲದಲ್ಲಿ ಬಂದರೆ ಏನಾಗುವುದೆಂಬುದಕ್ಕೆ ೧೯೮೭ನೆಯ ಅಕ್ಟೋಬರ್ ೧೫ರ ಪ್ರಸಂಗವು ಸಾಕ್ಷಿಯಾಗಿದೆ. ಅಂದು ಮಧ್ಯಾಹ್ನ ಮೈಕೇಲ್ ಫಿಶ್ ಎಂಬ ಅನುಭವಿಯಾದ ನಿರೂಪಕನು, ಚಂಡಮಾರುತವೊಂದು ಬರುತ್ತಿದೆಯೆಂದು ಕೇಳಿದ ಮಹಿಳೆಯೊಬ್ಬಳು ಬಿ. ಬಿ. ಸಿ.ಗೆ ದೂರವಾಣಿಯಲ್ಲಿ ತಿಳಿಸಿದಳೆಂದು ಹೇಳಿ, ಅಂಥದೇನೂ ಇಲ್ಲವೆಂದು ನಗೆಮೊಗದಿಂದ ಅಭಯವಿತ್ತನು. ಗಾಳಿ ಬಲವಾಗುವುದೆಂದು ಅನಂತರ ಹೇಳಿದುದೂ ನಿಜ; ಆದರೆ ಅದರ ಹೆಚ್ಚಿನ ಬಲವು ಸ್ಪೇನ್ ಮತ್ತು ಫ್ರಾನ್ಸುಗಳ ಮೇಲೆ ಎಂದನು. ಅಂದಿನ ರಾತ್ರಿ ಇಂಗ್ಲೆಂಡಿನ ದಕ್ಷಿಣ ಭಾಗದ ಮೇಲೆ ಎರಗಿದ ಬಿರುಗಾಳಿಯಿಂದ ಆ ದೇಶದಲ್ಲಿ ೧೮ ಮಂದಿ ಸತ್ತರು. ಸುಮಾರು ಒಂದೂವರೆ ಕೋಟಿ ಮರಗಳು ಉರುಳಿದುವು.

ಶಾಸ್ತ್ರದ ದೃಷ್ಟಿಯಿಂದ ವಾದಿಸುವುದಾದರೆ ಫಿಶ್ಶನ ಮಾತು ಅಕ್ಷರಶಃ ಸುಳ್ಳಲ್ಲ. ಉಷ್ಣವಲಯದ ಕಡಲಿನಲ್ಲಿ ಹುಟ್ಟುವ ಚಂಡಮಾರುತವು ಬೇರೆ, ಅಂದು ಬಂದ ಬಿರುಗಾಳಿ ಬೇರೆ. ಮುನ್ಸೂಚನೆಯಲ್ಲಿಯ ದೋಷವೂ ಅವನೊಬ್ಬನದಲ್ಲ. ಅಂದಿನ ಗಣಕಯಂತ್ರದ ಲೆಕ್ಕವೇ ಬಿರುಗಾಳಿಯ ಬಲವನ್ನೂ ಮಾರ್ಗವನ್ನೂ ಸರಿಯಾಗಿ ಹಿಡಿಯಲಿಲ್ಲ. ಆದರೂ ಜನರ ನೆನಪಿನಲ್ಲಿ ಉಳಿದುದು ಲೆಕ್ಕವಲ್ಲ, ಆ ನಗೆ. ೨೦೧೨ರ ಲಂಡನ್ ಒಲಿಂಪಿಕ್ ಕ್ರೀಡೋತ್ಸವದ ಉದ್ಘಾಟನೆಯಲ್ಲಿಯೂ ಆ ತುಣುಕು ಕಾಣಿಸಿಕೊಂಡಿತು. ವಾಚ್ಯಾರ್ಥವು 'ಇದು ಚಂಡಮಾರುತವಲ್ಲ' ಎಂದಿದ್ದರೆ, ಧ್ವನಿಯು 'ಭಯಪಡಬೇಡಿ' ಎಂದಾಗಿತ್ತು. ಜನರು ಹಿಡಿದುದು ಧ್ವನಿಯನ್ನೇ. ವಿಮರ್ಶಕನು ಇಲ್ಲಿ ಗಮನಿಸತಕ್ಕದ್ದು ಇಷ್ಟು: ನಿರೂಪಣೆಯ ಸೌಹಾರ್ದವು ಮಾತಿನ ಮೇಲೆ ಹಚ್ಚಿದ ಮೆರುಗಲ್ಲ, ಅದು ಮಾತಿನ ಅರ್ಥದಲ್ಲಿಯೇ ಒಂದು ಅಂಶ. ಅದು ತಪ್ಪಿದರೆ ಅರ್ಥವೇ ತಪ್ಪುತ್ತದೆ.

ಆ ಬಿರುಗಾಳಿಯ ತರುವಾಯ ಶಾಸ್ತ್ರವು ಬಹಳ ಮುಂದೆ ಹೋಗಿದೆ. ೧೯೯೨ರಿಂದೀಚೆಗೆ ಯೂರೋಪು ಅಮೆರಿಕಗಳ ಮುನ್ಸೂಚನಾ ಕೇಂದ್ರಗಳು ಒಂದೇ ಲೆಕ್ಕವನ್ನು ನೆಚ್ಚಿ ಕೂರುವುದಿಲ್ಲ. ಆರಂಭದ ಸ್ಥಿತಿಯನ್ನು ಅಲ್ಪಸ್ವಲ್ಪವಾಗಿ ಬದಲಾಯಿಸಿ ಹತ್ತಾರು ಲೆಕ್ಕಗಳನ್ನು ನಡೆಸುತ್ತವೆ. ಅವು ಒಂದೆಡೆ ಸೇರಿದರೆ ಭರವಸೆ ಹೆಚ್ಚು, ಚದರಿದರೆ ಕಡಮೆ ಎಂದು ತೀರ್ಮಾನಿಸುತ್ತವೆ. ಶಾಸ್ತ್ರಜ್ಞನ ಮುಂದೆ ಈಗ ಹಲವು ನಾಳೆಗಳಿವೆ. ಪ್ರೇಕ್ಷಕನ ಮುಂದಾದರೋ ಬಹುಮಟ್ಟಿಗೆ ಒಂದೇ ನಾಳೆ ಚಲಿಸುತ್ತದೆ. ಗಂಟೆಗಂಟೆಗೂ ಸರಿಯುವ ಮಳೆಯ ಚಿತ್ರವು, ಮೂರು ಗಂಟೆಗೆ ಈ ಊರಿನಲ್ಲಿ ಮಳೆ, ನಾಲ್ಕಕ್ಕೆ ಬಿಸಿಲು ಎಂಬಂತೆ, ಶಾಸ್ತ್ರಕ್ಕೇ ಇಲ್ಲದ ಖಚಿತತೆಯನ್ನು ತೋರಿಸುತ್ತದೆ. ಚಿತ್ರವು ಸೂಕ್ಷ್ಮವಾದಷ್ಟೂ ನಂಬಿಕೆ ಬಲಿಯುವುದು ಮನಸ್ಸಿನ ಸ್ವಭಾವ. ಅಯಸ್ಕಾಂತದ ಮೋಡವು ತನ್ನ ಒರಟುತನದಿಂದಲೇ ಮಾಡುತ್ತಿದ್ದ ಎಚ್ಚರಿಕೆಯ ಕೆಲಸವನ್ನು ಈಗಿನ ನುಣುಪಾದ ಚಿತ್ರವು ಮಾಡಲಾರದು.

ಹಾಗಾದರೆ ಸಂಭಾವ್ಯತೆಯನ್ನು ಅಂಕಿಯಲ್ಲಿಯೇ ಹೇಳಿಬಿಟ್ಟರೆ ಸಾಲದೇ ಎಂದು ಕೇಳಬಹುದು. ಅಮೆರಿಕದಲ್ಲಿ ೧೯೬೫ರ ಸುಮಾರಿನಿಂದಲೂ ಮಳೆಯ ಸಂಭವವನ್ನು ಶೇಕಡಾವಾರು ಹೇಳುವ ಪದ್ಧತಿ ದೇಶವ್ಯಾಪಿಯಾಗಿದೆ. ೨೦೦೫ರಲ್ಲಿ ಗೆರ್ಡ್ ಗಿಗರೆಂಟ್ಸರ್ ಮತ್ತು ಅವರ ಸಹಕಾರಿಗಳು ನ್ಯೂಯಾರ್ಕ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಮಿಲಾನ್, ಅಥೆನ್ಸ್ ನಗರಗಳಲ್ಲಿ ಜನರನ್ನು ಕೇಳಿ ಪ್ರಕಟಿಸಿದ ಅಧ್ಯಯನವು ಈ ಉಪಾಯದ ಮಿತಿಯನ್ನು ತೋರಿಸಿತು. 'ನಾಳೆ ಮಳೆಯ ಸಂಭವ ಶೇಕಡ ೩೦' ಎಂದರೆ, ಇಂಥ ಹತ್ತು ದಿನಗಳಲ್ಲಿ ಮೂರು ದಿನ ಮಳೆ ಬಂದೀತೆಂದು ಅರ್ಥ. ನ್ಯೂಯಾರ್ಕಿನಲ್ಲಿ ಮಾತ್ರ ಬಹುಜನರು ಹೀಗೆ ತಿಳಿದಿದ್ದರು. ಉಳಿದೆಡೆ ಅನೇಕರು ದಿನದ ಶೇಕಡ ೩೦ರಷ್ಟು ಹೊತ್ತು ಮಳೆಯೆಂದೋ, ಪ್ರದೇಶದ ಶೇಕಡ ೩೦ರಷ್ಟು ಭಾಗದಲ್ಲಿ ಮಳೆಯೆಂದೋ ತಿಳಿದರು. ಅಂಕಿಗೂ ವ್ಯಾಖ್ಯಾನ ಬೇಕು. 'ಯಾವುದರಲ್ಲಿ ಮೂವತ್ತು' ಎಂದು ಹೇಳದ ಅಂಕಿಯು ವಿಶೇಷ್ಯವಿಲ್ಲದ ವಿಶೇಷಣದಂತೆ ನಿರಾಶ್ರಯವಾದುದು. ಅಮೆರಿಕದ ಚಂಡಮಾರುತ ಕೇಂದ್ರವು ಪ್ರಕಟಿಸುವ ಶಂಕುವಿನಾಕಾರದ ಚಿತ್ರಕ್ಕೂ ಇದೇ ಗತಿಯಾಗಿದೆ. ಚಂಡಮಾರುತದ ಕೇಂದ್ರಬಿಂದುವು ಸುಮಾರು ಮೂರರಲ್ಲಿ ಎರಡು ಸಲ ಈ ಗೆರೆಗಳೊಳಗೆ ಸಾಗುವುದೆಂಬುದು ಅದರ ತಾತ್ಪರ್ಯ. ನೋಡುವವರಲ್ಲಿ ಹಲವರು ಅದನ್ನು ಚಂಡಮಾರುತದ ಗಾತ್ರವೆಂದೇ ಭಾವಿಸಿ, ಗೆರೆಯ ಹೊರಗಿರುವ ತಮಗೆ ಕ್ಷೇಮವೆಂದು ನೆಮ್ಮದಿಗೊಳ್ಳುತ್ತಾರೆ. ಸಂದೇಹವನ್ನು ಬರೆದು ತೋರಿಸಿದ ಚಿತ್ರವೇ ಹೀಗೆ ನಿಶ್ಚಯವಾಗಿ ಓದಲ್ಪಡುತ್ತದೆ.

ಇಷ್ಟರಿಂದ ಅಭಿನಯವನ್ನೇ ತೊರೆದು ಒಣ ಅಂಕಿಗಳಿಗೆ ಮರಳಬೇಕೆಂದು ಸಿದ್ಧವಾಗುವುದಿಲ್ಲ. ಅಭಿನಯವು ಉಚಿತವಾದ ಸ್ಥಳದಲ್ಲಿ ಬಹಳ ಉಪಕಾರಿ. ೨೦೧೮ನೆಯ ಸೆಪ್ಟೆಂಬರಿನಲ್ಲಿ ಫ್ಲಾರೆನ್ಸ್ ಎಂಬ ಚಂಡಮಾರುತವು ಅಮೆರಿಕದ ಕರೊಲಿನಾ ತೀರವನ್ನು ಸಮೀಪಿಸುತ್ತಿದ್ದಾಗ, 'ವೆದರ್ ಚಾನೆಲ್' ಎಂಬ ವಾಹಿನಿಯ ನಿರೂಪಕಿಯು ಬೀದಿಯೊಂದರಲ್ಲಿ ನಿಂತಂತೆಯೂ, ಕಡಲ ನೀರು ಅವಳ ಸುತ್ತ ಮೂರಡಿ, ಆರಡಿ, ಒಂಬತ್ತು ಅಡಿಗಳಾಗಿ ಏರಿದಂತೆಯೂ ಚಿತ್ರಿಸಿ ತೋರಿಸಲಾಯಿತು. ಒಂಬತ್ತು ಅಡಿಯೆಂಬ ಅಂಕಿಯು ಕೊಡಲಾರದ ಭಯಾನಕವನ್ನು ತಲೆಯ ಮೇಲೆ ನಿಂತ ನೀರು ಕೊಟ್ಟಿತು. ನೀರು ಇಷ್ಟು ಬಂದರೆ ಹೀಗಾಗುವುದು ಎಂಬುದೇ ಆ ಚಿತ್ರದ ಅನ್ವಯವಾದುದರಿಂದ ಅತಿಶಯವು ಇಲ್ಲಿ ಸತ್ಯಕ್ಕೆ ಬಾಧಕವಾಗಲಿಲ್ಲ. ಅದೇ ಚಂಡಮಾರುತದ ವರದಿಯಲ್ಲಿ ಮತ್ತೊಂದು ದೃಶ್ಯವೂ ಬಂದಿತು: ವರದಿಗಾರನೊಬ್ಬನು ಗಾಳಿಗೆ ಎದುರಾಗಿ ಬಾಗಿ ತೂಗಾಡುತ್ತಿರುವಾಗ ಅವನ ಹಿಂದೆ ಇಬ್ಬರು ನಿರಾಯಾಸವಾಗಿ ನಡೆದುಹೋದರು. ಅವನು ಒದ್ದೆ ಹುಲ್ಲಿನ ಮೇಲೆ ನಿಂತು ಬಳಲಿದ್ದನು, ಅವರು ಗಟ್ಟಿ ನೆಲದ ಮೇಲಿದ್ದರು ಎಂದು ವಾಹಿನಿಯು ಸಮಾಧಾನ ಹೇಳಿತು. ಅದು ನಿಜವೇ ಇರಬಹುದು. ಆದರೆ ಒಮ್ಮೆ ಅಭಿನಯವು ಅಭಿನಯವೆಂದು ತೋರಿಬಿಟ್ಟಮೇಲೆ ಸಮಾಧಾನಕ್ಕೆ ಬಲವಿಲ್ಲ. ಮೊದಲನೆಯ ದೃಶ್ಯವು ಕಲ್ಪಿತವೆಂದು ಒಪ್ಪಿಕೊಂಡೇ ಸತ್ಯವನ್ನು ತಿಳಿಸಿತು. ಎರಡನೆಯದು ವಾಸ್ತವವೆಂದು ಹೇಳಿಕೊಂಡು ಸಂಶಯವನ್ನು ಬಿತ್ತಿತು.

ಬಿರುಗಾಳಿಗಳಿಗೆ ನಾಮಕರಣ ಮಾಡುವ ಪದ್ಧತಿಯೂ ಸೆಳೆಯುವ ಕೌಶಲಗಳಲ್ಲೊಂದು. ಬ್ರಿಟನ್ ಮತ್ತು ಐರ್ಲೆಂಡಿನ ಹವಾ ಇಲಾಖೆಗಳು ೨೦೧೫ರಿಂದ ಇದನ್ನು ಅನುಸರಿಸುತ್ತಿವೆ. ಉತ್ತರ ಹಿಂದೂ ಮಹಾಸಾಗರದ ಚಂಡಮಾರುತಗಳಿಗೆ ೨೦೦೪ರಿಂದಲೂ ಹೆಸರುಗಳುಂಟು. ಕನ್ನಡ ನಾಡಿನ ರೈತನು ಆರಿದ್ರಾ ಮಳೆ, ಮಘಾ ಮಳೆ ಎಂದು ನಕ್ಷತ್ರದ ಹೆಸರಿನಿಂದ ಕರೆಯುವನಾದರೂ ಅದು ಕಾಲಕ್ಕಿಟ್ಟ ಹೆಸರು. ಇದು ವ್ಯಕ್ತಿಗಿಟ್ಟಂಥ ಹೆಸರು. ಹೆಸರಿನಿಂದ ಬಿರುಗಾಳಿಯು ಪಾತ್ರವಾಗುತ್ತದೆ, ಬರುವಿಕೆಗೊಂದು ಕಥೆಯ ರೂಪ ಬರುತ್ತದೆ, ಮಾತು ಬೇಗ ಹರಡುತ್ತದೆ. ಇದು ಗುಣವೇ ಸರಿ. ಆದರೆ ಹೆಸರಿಲ್ಲದ ಮಳೆಯಿಂದಲೂ ಊರು ಮುಳುಗಬಲ್ಲುದೆಂಬುದನ್ನು ನಿರೂಪಕನು ಮರೆಯಲಾಗದು.

ಇನ್ನು ಪ್ರತಿಪಕ್ಷದ ಮಾತೊಂದುಂಟು. ಪ್ರೇಕ್ಷಕನಿಗೆ ಬೇಕಾದುದು ಕೊಡೆ ಹಿಡಿಯಬೇಕೇ ಬೇಡವೇ ಎಂಬ ತೀರ್ಮಾನ, ಸಂಭಾವ್ಯತೆಯ ಪಾಠವಲ್ಲ. ಎರಡು ನಿಮಿಷದಲ್ಲಿ ಸಂದೇಹಗಳನ್ನೆಲ್ಲ ಹೇಳಹೊರಟರೆ ಅವನು ವಾಹಿನಿಯನ್ನೇ ಬದಲಾಯಿಸುವನು ಎಂಬುದು ಆ ವಾದ. ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಕೇಳದವನಿಗೆ ಹೇಳಿದ ಸತ್ಯವು ಹೇಳದುದಕ್ಕೆ ಸಮ. ಆದರೆ ತೀರ್ಮಾನವನ್ನೂ ಸಂದೇಹವನ್ನೂ ಒಟ್ಟಿಗೆ ಕೊಡುವುದು ಅಸಾಧ್ಯವೇನೂ ಅಲ್ಲ. ಬ್ರಿಟನ್ನಿನಲ್ಲಿ ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಎಚ್ಚರಿಕೆಯನ್ನು ೨೦೧೧ರಿಂದ, ಸಂಭವವೆಷ್ಟು ಮತ್ತು ಸಂಭವಿಸಿದರೆ ಹಾನಿಯೆಷ್ಟು ಎಂಬೆರಡನ್ನೂ ಕೂಡಿಸಿ ನಿರ್ಣಯಿಸುತ್ತಾರೆ. ಭಾರತದ ಇಲಾಖೆಯ ಬಣ್ಣಗಳೂ ಮಾಡಬೇಕಾದುದನ್ನು ಹೇಳುತ್ತವೆ: ಹಳದಿಯೆಂದರೆ ಗಮನವಿರಲಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕಾರ್ಯೋನ್ಮುಖರಾಗಿರಿ. ಕನ್ನಡದ ವಾಹಿನಿಗಳಲ್ಲಿ 'ರೆಡ್ ಅಲರ್ಟ್' ಎಂಬುದು ಶೀರ್ಷಿಕೆಯಲ್ಲಿ ಮೊಳಗುತ್ತದೆ. ಅದರ ಜೊತೆಗೆ ಬರಬೇಕಾದ ಈ ಕ್ರಿಯಾಪದವು ಕೇಳಿಸದೆ ಹೋದರೆ ಬಣ್ಣವು ವರ್ಣನೆಯಾಗಿ ಉಳಿಯುವುದೇ ಹೊರತು ವಿಧಿಯಾಗುವುದಿಲ್ಲ.

ಒಟ್ಟಿನಲ್ಲಿ, ಹವಾವರ್ತಮಾನದ ನಿರೂಪಕನು ಸೂತನಂತೆ ನಡೆದುಹೋದುದನ್ನು ಹೇಳುವವನಲ್ಲ. ಜೋಯಿಸನಂತೆ ಮುಂದಾಗುವುದನ್ನು ಖಂಡಿತವಾಗಿ ನುಡಿಯುವವನೂ ಅಲ್ಲ. ತನ್ನ ಅರಿವಿನ ಎಲ್ಲೆಯನ್ನು ತಿಳಿದು, ಅದನ್ನು ತಿಳಿಸುವ ಹೊಣೆಯನ್ನೂ ಹೊತ್ತವನು. ಪಟ, ಕೈಸನ್ನೆ, ಮಾತು, ಮುಖಭಾವ ಇವು ನಾಲ್ಕೂ ಆ ಎಲ್ಲೆಯನ್ನು ತೋರಿಸುವಲ್ಲಿ ಒಂದಾಗಬೇಕು. ಮಾತು 'ಬರಬಹುದು' ಎನ್ನುವಾಗ ಪಟವು 'ಬಂದಿತು' ಎಂದು ತೋರಿಸಿದರೆ ಪ್ರೇಕ್ಷಕನು ಪಟವನ್ನೇ ನಂಬುವನು. ಭಾಷಾಬೋಧಕರು ತರಗತಿಯಲ್ಲಿ ಸಂಭಾವನಾರ್ಥದ ಕ್ರಿಯಾಪದಗಳನ್ನು ವಿವರಿಸುವಾಗ ಉದಾಹರಣೆಗಾಗಿ ಪ್ರಾಚೀನ ಕಾವ್ಯಗಳನ್ನೇ ಹುಡುಕಬೇಕಾಗಿಲ್ಲ. 'ಬರುತ್ತದೆ', 'ಬರಬಹುದು', 'ಬಂದೀತು', 'ಬಾರದಿರಲಾರದು' ಎಂಬ ಸೂಕ್ಷ್ಮವಾದ ಭೇದಗಳು ಕನ್ನಡಕ್ಕೆ ಸಹಜವಾಗಿಯೇ ಇವೆ. ಅವುಗಳ ಬೆಲೆಯು ಪ್ರತಿದಿನ ಸಂಜೆ, ಕಡಲಿಗೆ ಹೊರಡಬೇಕೇ ಎಂದು ಕಾದಿರುವ ಬೆಸ್ತನ ಮುಂದೆ, ಕೊಯ್ದ ತೆನೆಯನ್ನು ಕಣದಲ್ಲಿ ಬಿಡಬೇಕೇ ಎಂದು ಯೋಚಿಸುವ ಒಕ್ಕಲಿಗನ ಮುಂದೆ, ನಿಷ್ಕರ್ಷೆಯಾಗುತ್ತಿದೆ.